ಏಳನೆಯ ಕಾವಿ ಗೆರೆ

ಆ ದಿನಗಳಲ್ಲಿ ಕೆಡಬಹುದಾಗಿದ್ದ ಸಂಗತಿಗಳಿಗೆ ಕೊನೆಯೇ ಇರಲಿಲ್ಲ. ಪಕ್ಕದೂರಿನ ಶಾಲೆಗೆ ಹೋಗುವ ದಾರಿಯಲ್ಲಿ ಕೆರೆಯ ಏರಿ ಇತ್ತು. ನಾನು ಕಾಲಿಟ್ಟ ದಿನವೇ ಅದು ಒಡೆಯಬಹುದಾಗಿತ್ತು. ಅದು ಒಡೆಯದಿದ್ದರೆ ನಾನು ಜಾರಬಹುದಾಗಿತ್ತು. ನಾನೂ ಜಾರದಿದ್ದರೆ ಏರಿಯ ಕೆಳಗಿನ ಹುಣಸೆಮರದ ಕೋತಿಗಳು ಬುತ್ತಿ ಕಿತ್ತುಕೊಳ್ಳಬಹುದಾಗಿತ್ತು. ಮೇಷ್ಟ್ರು ಹೆಸರು ಕೇಳಿದಾಗ ನನಗೆ ನನ್ನ ಹೆಸರೇ ಮರೆತುಹೋಗಬಹುದಾಗಿತ್ತು. ಒಂದಕ್ಕೆ ಹೋಗಬೇಕಾದಾಗ ಎತ್ತಬೇಕಾದ್ದು ಕಿರುಬೆರಳೋ ಎರಡು ಬೆರಳೋ ಎಂದು ತಿಳಿಯದೆ, ಯೋಚಿಸುತ್ತ ಕೂತು, ಯೋಚನೆ ಮುಗಿಯುವ ಮೊದಲೇ ಕೆಲಸ ಮುಗಿದುಹೋಗಬಹುದಾಗಿತ್ತು. ನಾನು ಸಂಜೆ ವಾಪಸು ಬರುವಷ್ಟರಲ್ಲಿ ಮನೆಯವರೆಲ್ಲ ನನ್ನನ್ನು ಮರೆತು ಬೇರೆ ಊರಿಗೆ ಗುಳೆ ಎದ್ದು ಹೋಗಿರಬಹುದಾಗಿತ್ತು.

ಇಷ್ಟನ್ನೂ ನಾನು ಐದೂವರೆ ವರ್ಷಕ್ಕೆ, ಶಾಲೆಯ ಬಾಗಿಲು ಕೂಡ ನೋಡದೆ, ಯೋಚಿಸಿ ಮುಗಿಸಿದ್ದೆ. ಈಗ ಐವತ್ತು ಹತ್ತಿರ ಬಂತು. ಬಸ್ಸು ಹತ್ತುವ ಮುಂಚೆ ಡ್ರೈವರು ರಾತ್ರಿ ಸರಿಯಾಗಿ ನಿದ್ದೆ ಮಾಡಿದ್ದಾನೆಯೇ ಎಂದು ಅವನ ಕಣ್ಣು ನೋಡಿಯೇ ಹತ್ತುತ್ತೇನೆ. ಚಿಂತೆ ಮಾಡುವ ವಿದ್ಯೆಗೆ ಮಾತ್ರ ನಾನು ಯಾವ ಶಾಲೆಗೂ ಹೋಗಬೇಕಾಗಿರಲಿಲ್ಲ.

ನಮ್ಮೂರು ಶಿವಾರಪಟ್ಟಣ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಹಿಂದಿನ ಮಾತು. ನಿಮ್ಮೂರುಗಳಲ್ಲಿ ಬೆಳಗಾದದ್ದು ಕೋಳಿಯಿಂದ ತಿಳಿಯುತ್ತಿತ್ತೋ ಏನೋ, ನಮ್ಮ ಬೀದಿಯಲ್ಲಿ ಉಳಿಯ ಸದ್ದಿನಿಂದ ತಿಳಿಯುತ್ತಿತ್ತು. ಪ್ರತಿ ಮನೆಯ ಮುಂದೆ ಒಂದು ಚಪ್ಪರ, ಅದರ ಕೆಳಗೆ ಅರೆಬರೆ ದೇವರುಗಳು. ಸೊಂಟದವರೆಗೆ ಮಾತ್ರ ಹುಟ್ಟಿದ ವೆಂಕಟರಮಣ, ಸೊಂಡಿಲು ಇನ್ನೂ ಕಲ್ಲಿನೊಳಗೇ ಇರುವ ಗಣಪತಿ. ಕಲ್ಲಿನ ಪುಡಿ ಎಲ್ಲದರ ಮೇಲೂ ಕೂರುತ್ತಿತ್ತು: ಕಣ್ಣರೆಪ್ಪೆ, ತುಳಸಿಗಿಡ, ಒಣಹಾಕಿದ ಹುಣಸೆಹಣ್ಣು, ಹುರುಳಿ ಸಾರು. ರಾಗಿಮುದ್ದೆಯನ್ನು ಅಗಿಯದೆ ನುಂಗುವ ಜನ ನಾವು. ಎಷ್ಟು ದೇವರುಗಳ ಚೂರು ನನ್ನ ಹೊಟ್ಟೆಯಲ್ಲಿದೆಯೋ ಆ ದೇವರುಗಳಿಗೇ ಗೊತ್ತು. ಮಳೆಯ ಮೊದಲ ಹನಿ ಬಿದ್ದಾಗ ಬೇರೆ ಊರಿನಲ್ಲಿ ಮಣ್ಣಿನ ವಾಸನೆ ಬರುತ್ತದಂತೆ. ನಮ್ಮಲ್ಲಿ ಕಲ್ಲಿನ ವಾಸನೆ ಬರುತ್ತಿತ್ತು, ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ.

ಅಪ್ಪ ವಿಗ್ರಹದ ಕೆಲಸದವನು. ಅವನಿಗೆ ಲೋಕದಲ್ಲಿ ಇದ್ದದ್ದು ಒಂದೇ ಅಳತೆ: ಮುಖ. ಹಣೆಯ ಕೂದಲಂಚಿನಿಂದ ಗದ್ದದವರೆಗೆ ದಾರ ಹಿಡಿದರೆ ಒಂದು ಮುಖ. ವಿಗ್ರಹದ ಮೈಯೆಲ್ಲ ಅದರ ಲೆಕ್ಕದಲ್ಲೇ. ದೊಡ್ಡ ದೇವರಿಗೆ ಒಂಬತ್ತು ಮುಖದ ಎತ್ತರ, ಗಣಪತಿಗೆ ಐದು. ಮನುಷ್ಯರನ್ನೂ ಅವನು ಹಾಗೆಯೇ ನೋಡುತ್ತಿದ್ದ. ಮದುವೆ ಮನೆಯಿಂದ ಬಂದವನನ್ನು ಹುಡುಗ ಹೇಗಿದ್ದಾನೆ ಎಂದು ಅಮ್ಮ ಕೇಳಿದರೆ, "ಎಂಟು ಮುಖಕ್ಕಿಂತ ಜಾಸ್ತಿ ಇಲ್ಲ, ಒಂಬತ್ತರ ಗತ್ತು ಮಾತ್ರ ಇದೆ" ಎನ್ನುತ್ತಿದ್ದ.

ಅಕ್ಕನಿಗೆ ಆಗ ಒಂಬತ್ತು ವರ್ಷ. ಹೆಸರು ಕಾಳಮ್ಮ, ಮನೆಯಲ್ಲಿ ಕಾಳಿ. ಅಪ್ಪನ ಚಪ್ಪರದಲ್ಲಿ ಬಿದ್ದ ಮೆತ್ತನೆ ಬಳಪದ ಕಲ್ಲಿನ ಚೂರುಗಳನ್ನು ಆರಿಸಿ, ಜಗಲಿಗೆ ಉಜ್ಜಿ ಉಜ್ಜಿ ಕಡ್ಡಿ ಮಾಡಿ, ಮೊನೆ ತೆಗೆದು, ಹಳೆಯ ರವಿಕೆಯಿಂದ ಹೊಲಿದ ಚೀಲದಲ್ಲಿ ಕೂಡಿಡುತ್ತಿದ್ದಳು. ವಿಗ್ರಹದ ಪೀಠದ ಮೇಲೆ ಅಪ್ಪ ಕೆತ್ತುತ್ತಿದ್ದ ಅಕ್ಷರಗಳಲ್ಲಿ ಒಂದನ್ನು ನೋಡಿ ಕಲಿತಿದ್ದಳು: ಶ್ರೀ. ಅದನ್ನು ಅವಳು ಬರೆಯುತ್ತಿರಲಿಲ್ಲ, ರಂಗೋಲಿಯ ಹಾಗೆ ಬಿಡಿಸುತ್ತಿದ್ದಳು, ಬಾಲದಿಂದ ಶುರುಮಾಡಿ. ನಮ್ಮ ಹಿತ್ತಿಲ ಗೋಡೆ, ಒನಕೆ, ಎಮ್ಮೆಯ ಬೆನ್ನು ಎಲ್ಲದರ ಮೇಲೂ ಶ್ರೀ. "ಎಮ್ಮೇನ ಯಾರು ಮಾಡಿಸಿಕೊಟ್ಟಿದ್ದು ಅಂತ ಅವರ ಹೆಸರೂ ಬರ್ದುಬಿಡು" ಎಂದು ಅಪ್ಪ ನಗುತ್ತಿದ್ದ. ಅವಳು ನಗುತ್ತಿರಲಿಲ್ಲ. "ಅದಕ್ಕೆ ಮಿಕ್ಕ ಅಕ್ಷರ ಬರಬೇಕಲ್ಲಪ್ಪ" ಅನ್ನುತ್ತಿದ್ದಳು.

ಆ ವರ್ಷ ಮಾವಿನ ಕಾಲದಲ್ಲಿ ಮನೆಯಲ್ಲಿ ಮಾತು ಎದ್ದಿತು. ಮಧ್ಯಾಹ್ನದ ಊಟದ ಹೊತ್ತು. ಅಮ್ಮ ಅಪ್ಪನ ತಟ್ಟೆಗೆ ಸಾರು ಬಿಡುತ್ತ,

"ಈ ಸಲ ಇವನ್ನ ಕಳಿಸೋಣ" ಅಂದಳು.

"ಎಲ್ಲಿಗೆ?"

"ಎಲ್ಲಿಗಂದ್ರೆ? ಸ್ಕೂಲಿಗೆ. ಶಿಶು ಕ್ಲಾಸಿಗೆ. ಐದೂವರೆ ಆಯ್ತಲ್ಲ."

"ಇನ್ನೊಂದ್ವರ್ಷ ಹೋಗ್ಲಿ ಕಣೇ. ಎಳೇದು. ತಲೆ ನೋಡು ಎಷ್ಟು ದಪ್ಪ ಇದೆ. ಮೈ ಇನ್ನೂ ತಲೆಗೆ ಸಮ ಬಂದಿಲ್ಲ."

"ತಲೆ ದಪ್ಪ ಇದ್ರೆ ಸ್ಕೂಲಿಗೆ ಒಳ್ಳೇದಲ್ವಾ?"

"ತಮಾಷೆ ಅಲ್ಲ." ಅಪ್ಪ ಎಡಗೈಯ ಕಿರುಬೆರಳು ತೋರಿಸಿದ. ಅದು ಹುಣಸೆಕಾಯಿಯ ಹಾಗೆ ಸೊಟ್ಟಗಿತ್ತು. "ಎಳೇ ಕೈಗೆ ಉಳಿ ಕೊಟ್ರು ನಮ್ಮಪ್ಪ. ಇವತ್ತಿಗೂ ಮಡಿಸಕ್ಕಾಗಲ್ಲ. ಒಂದ್ವರ್ಷ ತಡೆದಿದ್ರೆ ಅವರ ಗಂಟೇನು ಹೋಗ್ತಿತ್ತು?"

"ಬಳಪ ಹಿಡಿದ್ರೆ ಬೆರಳು ಮುರಿಯುತ್ತೇನ್ರೀ?"

"ಬೆರಳಲ್ದಿದ್ರೆ ಮನಸು ಮುರಿಯುತ್ತೆ. ಮೊದಲೇ ಪುಕ್ಕಲ. ಆ ಮೇಷ್ಟ್ರು ಬೇರೆ ಹೊಡೀತಾರಂತೆ."

ಅಮ್ಮ ಸಾರಿನ ಪಾತ್ರೆ ಕೆಳಗಿಟ್ಟಳು. ಅವಳು ಆಗ ಬಸುರಿ. ಕೂತು ಏಳುವುದಕ್ಕೆ ಕಷ್ಟಪಡುತ್ತಿದ್ದಳು. ಅವತ್ತು ಕೂತೇಬಿಟ್ಟಳು.

"ಇವನೊಬ್ಬನ ಮಾತಾಗಿದ್ರೆ ನಾನೂ ಸುಮ್ನಿರ್ತಿದ್ದೆ. ಏರಿ ಮೇಲೆ ಇವನೊಬ್ಬನ್ನೇ ಕಳಿಸಕ್ಕಾಗಲ್ಲ, ಕಾಳಿ ಕರ್ಕೊಂಡು ಹೋಗ್ಬೇಕು. ಹೋದೋಳು ಸಾಯಂಕಾಲದವರೆಗೂ ಸ್ಕೂಲಿನ ಜಗಲಿ ಮೇಲೆ ಕೂರೋ ಬದಲು ಒಳಗೆ ಕೂತ್ರೆ ಅವಳಿಗೂ ನಾಲ್ಕಕ್ಷರ ಆಗುತ್ತೆ. ಮುಂದಿನ ವರ್ಷಕ್ಕೆ ಅವಳಿಗೆ ಹತ್ತು ತುಂಬುತ್ತೆ. ಆಮೇಲೆ ನೀವು ಕಳಿಸ್ತೀರಾ?"

ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದ. ಕಳಿಸುವುದಿಲ್ಲ ಎನ್ನುವುದು ಅಪ್ಪ, ಅಮ್ಮ, ಬಾಗಿಲ ಬಳಿ ಚೆಂಬು ಹಿಡಿದು ನಿಂತಿದ್ದ ಅಕ್ಕ, ಮೂವರಿಗೂ ಗೊತ್ತಿತ್ತು. ಕಂಬಕ್ಕೆ ಒರಗಿ ಮಾವಿನ ವಾಟೆ ಚೀಪುತ್ತಿದ್ದ ನನಗೂ ಗೊತ್ತಾಯಿತು. ಐದೂವರೆ ವರ್ಷದ ಮಗುವಿಗೆ ಏನು ಅರ್ಥವಾಗುತ್ತದೆ ಎಂದು ನೀವು ನನ್ನ ಪರವಾಗಿ ಹೇಳಬಹುದು. ಆ ಉಪಕಾರ ಬೇಡ. ನಾನೇ ಎಷ್ಟೋ ವರ್ಷ ಅದನ್ನು ಹೇಳಿಕೊಂಡು ನೋಡಿದ್ದೇನೆ, ಹತ್ತುವುದಿಲ್ಲ. ನಾನು ಹೋದರೆ ಅಕ್ಕ ಹೋಗುತ್ತಾಳೆ, ನಾನು ಉಳಿದರೆ ಅಕ್ಕ ಉಳಿಯುತ್ತಾಳೆ. ಇದರಲ್ಲಿ ಅರ್ಥವಾಗದೆ ಇರುವುದು ಏನಿದೆ?

ಕೊನೆಗೆ ಅಪ್ಪ ಕೈ ತೊಳೆಯುತ್ತ ತೀರ್ಪು ಕೊಟ್ಟ. "ಏಳು ಮುಖ ತುಂಬ್ಲಿ. ಸ್ಕೂಲು ತೆಗೆಯೋ ಹಿಂದಿನ ದಿನ ಅಳೀತೀನಿ. ಏಳಕ್ಕೆ ಬಂದಿದ್ರೆ ನಾನೇ ಹೆಗಲ ಮೇಲೆ ಕೂರಿಸ್ಕೊಂಡು ಬಿಟ್ಟು ಬರ್ತೀನಿ. ಬಂದಿಲ್ಲ ಅಂದ್ರೆ ಮುಂದಿನ ವರ್ಷ."

"ನಿಮ್ಮ ದೇವರುಗಳೆಲ್ಲ ಯಾವ ಸ್ಕೂಲಿಗೆ ಹೋಗಿದ್ವು ಅಂತ ಈ ಅಳತೆ? ಊರುಕೋಂಡಿ!" ಅಮ್ಮ ಮುಳಬಾಗಿಲ ಕಡೆಯವಳು; ಸಾಕು ಸುಮ್ಮನಿರಿ ಎನ್ನುವಷ್ಟು ಸಿಟ್ಟು ಬಂದರೆ ಅವಳಿಗೆ ತೆಲುಗೇ ಬರುತ್ತಿತ್ತು.

"ಅಳತೆ ಸುಳ್ಳು ಹೇಳಲ್ಲ ಕಣೇ" ಅಂದ ಅಪ್ಪ. ಅವನು ಅದನ್ನು ನಂಬಿದ್ದ. ಕಲ್ಲನ್ನು ಮಾತ್ರ ಅಳೆದು ಅಭ್ಯಾಸವಿದ್ದವನು. ಅಳೆಯುವಾಗ ಕಲ್ಲು ಏನೂ ಕಿತಾಪತಿ ಮಾಡುವುದಿಲ್ಲ.

ಆವತ್ತಿನಿಂದ ಅಕ್ಕ ನನ್ನನ್ನು ಬೆಳೆಸುವ ಕೆಲಸಕ್ಕೆ ಕೂತಳು. ತನ್ನ ಪಾಲಿನ ಹಾಲು ನನಗೆ ಹಾಕಿದಳು. ಸೀಬೆಮರದ ಕೊಂಬೆಗೆ ನನ್ನನ್ನು ಜೋತುಬಿಟ್ಟು, "ನೂರು ಎಣಿಸೋವರೆಗೂ ಬಿಡಬೇಡ ಕಣೋ, ಉದ್ದ ಆಗ್ತೀಯ" ಅನ್ನುತ್ತಿದ್ದಳು. ಅವಳಿಗೆ ಇಪ್ಪತ್ತರ ಮೇಲೆ ಎಣಿಕೆ ಬರುತ್ತಿರಲಿಲ್ಲ, ಆದ್ದರಿಂದ ಇಪ್ಪತ್ತನ್ನು ಐದು ಸಲ ಎಣಿಸುತ್ತಿದ್ದಳು. ಸೆಣಬಿನ ದಾರದಲ್ಲಿ ನನ್ನ ಮುಖ ಅಳೆದು, ಹಿತ್ತಿಲ ಗೋಡೆಯ ಮೇಲೆ ಇದ್ದಿಲಿನಿಂದ ಏಳು ಗೆರೆ ಎಳೆದು, ಅದಕ್ಕೆ ನನ್ನನ್ನು ಒರಗಿಸಿ ನೋಡುತ್ತಿದ್ದಳು. ಒಂದು ದಿನ ನಾನು ಬಾಯಲ್ಲಿ ವಾಟೆ ಇಟ್ಟುಕೊಂಡೇ ನಿಂತಿದ್ದೆ. ಏಳನೇ ಗೆರೆ ಎಲ್ಲೋ ಮೇಲೆ ಹೋಗಿ ಕೂತಿತು. ಅಕ್ಕನ ಮುಖ ಸಪ್ಪಗಾಯಿತು. ಆಮೇಲೆ ಬಗ್ಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಲೇ ಕೋತಿ, ಉಗಿಯೋ ಅದನ್ನ! ಬಾಯಿ ಬಿಟ್ರೆ ಮುಖ ಉದ್ದ ಆಗುತ್ತೆ, ಮುಖ ಉದ್ದ ಆದ್ರೆ ನೀನು ಕುಳ್ಳ ಆಗ್ತೀಯ. ಹಲ್ಲು ಕಚ್ಚು. ಹಾಂ, ಈಗ ನೋಡು."

ಹಲ್ಲು ಕಚ್ಚಿ ನಿಂತಾಗ ನನ್ನ ನೆತ್ತಿ ಗೆರೆಗಿಂತ ಒಂದು ಬೆರಳು ಮೇಲಿತ್ತು. ಅಕ್ಕ ಒಳಗೆ ಓಡಿಹೋಗಿ ಅಮ್ಮನ ಕಿವಿಯಲ್ಲಿ ಹೇಳಿದಳು. ಅಮ್ಮ ಒಲೆಯ ಮುಂದೆ ಕೂತು ಒಬ್ಬಳೇ ನಕ್ಕದ್ದನ್ನು ನಾನು ನೋಡಿದೆ. ಆ ಸಂಜೆ ಅವಳು ಅಪ್ಪನಿಗೆ, "ಅಳೀರಿ ಅಳೀರಿ, ನಿಮ್ಮ ಮಾತಿಗೇ ನಾನೂ ಒಪ್ಪಿದೆ" ಅಂದಳು, ಬಹಳ ಸಾಧುವಾಗಿ.

ಅವರಿಬ್ಬರ ಖುಷಿ ಹೆಚ್ಚಾದಷ್ಟೂ ನನಗೆ ಏರಿ ಒಡೆಯುವುದು ಹತ್ತಿರ ಬಂದ ಹಾಗಾಗುತ್ತಿತ್ತು.

ಅಳತೆಯ ದಿನ ಅಪ್ಪ ಸ್ನಾನ ಮಾಡಿ, ದಾರಕ್ಕೂ ಉಳಿಗೂ ಕೈಮುಗಿದ. ಯಾವುದೋ ಊರಿನ ಆಂಜನೇಯನಿಗೆಂದು ತಂದ ಕರಿಕಲ್ಲಿನ ಚಪ್ಪಡಿ ಚಪ್ಪರದ ಕಂಬಕ್ಕೆ ಒರಗಿತ್ತು. ನನ್ನನ್ನು ಅದಕ್ಕೆ ಬೆನ್ನು ಕೊಟ್ಟು ನಿಲ್ಲಿಸಿದ. ಕಲ್ಲು ಬೆನ್ನಿಗೆ ತಣ್ಣಗಿತ್ತು. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅಕ್ಕ ಅವತ್ತೇ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡಿದ್ದಳು. ಬಳಪದ ಚೀಲ ಆಗಲೇ ಬಾಗಿಲ ಗೂಟಕ್ಕೆ ಬಂದು ನೇತಾಡುತ್ತಿತ್ತು.

"ಬಾ ಕಾಳಿ, ಕೆಳಗಡೆ ತುದಿ ಹಿಡ್ಕೋ" ಅಂದ ಅಪ್ಪ. ದಾರದ ಒಂದು ತುದಿಯನ್ನು ಅವನು ನನ್ನ ಹಣೆಯ ಕೂದಲಿಗೆ ಒತ್ತಿದ. ಇನ್ನೊಂದನ್ನು ಅಕ್ಕ ಗದ್ದದ ಕೆಳಗೆ ಹಿಡಿದಳು. ಅವಳ ಬೆರಳಿಗೆ ಬಳಪದ ಪುಡಿಯ ವಾಸನೆ ಇತ್ತು. ಅವಳು ಕಣ್ಣಲ್ಲೇ ಹೇಳಿದಳು: ಹಲ್ಲು ಕಚ್ಚು.

ನಾನು ತುಟಿ ಮುಚ್ಚಿಯೇ ಇದ್ದೆ. ಅಪ್ಪನಿಗೆ ಕಂಡದ್ದು ಮುಚ್ಚಿದ ಬಾಯಿ. ನನ್ನ ಗದ್ದದ ಕೆಳಗಿದ್ದ ಅಕ್ಕನ ಬೆರಳು ಮಾತ್ರ ಸ್ವಲ್ಪ ಕೆಳಕ್ಕೆ ಸರಿಯಿತು. ಒಂದು ಗಳಿಗೆ ಅಲ್ಲೇ ನಿಂತಿತು. ಅವಳ ಕಣ್ಣು ನನ್ನ ಕಣ್ಣಿನಲ್ಲಿತ್ತು. ನಾನು ಕಣ್ಣನ್ನು ಅತ್ತ ತಿರುಗಿಸಿದೆ.

"ಹಿಡ್ಕೊಂಡ್ಯಾ?" ಅಂದ ಅಪ್ಪ.

"ಹೂಂ" ಅಂದಳು ಅಕ್ಕ.

ಅಪ್ಪ ಆ ದಾರವನ್ನು ನೆಲದಿಂದ ಹಿಡಿದು, ಚಪ್ಪಡಿಯ ಮೇಲೆ ಕಾವಿಯಲ್ಲಿ ಒಂದೊಂದೇ ಕೆಂಪು ಗೆರೆ ಎಳೆಯುತ್ತ ಹೋದ. ಆರು ಗೆರೆ ನನ್ನ ಬೆನ್ನ ಹಿಂದೆ ಹೋದವು. ಏಳನೆಯದನ್ನು ಎಳೆದಾಗ ಅವನ ಮುಂಗೈ ನನ್ನ ತಲೆಗೆ ತಾಗಲೇ ಇಲ್ಲ. ನೆತ್ತಿಗೂ ಗೆರೆಗೂ ನಡುವೆ ಬೆರಳಿಟ್ಟು ನೋಡಿದ. ಎರಡು ಬೆರಳು ಹಿಡಿದು ಇನ್ನೂ ಸಂದು ಇತ್ತು.

"ಇಲ್ಲ ಕಣೇ" ಅಂದ, ಅಮ್ಮನ ಕಡೆ ತಿರುಗದೆ. ಗೆದ್ದ ದನಿ ಅಲ್ಲ ಅದು, ಅವನಿಗೂ ಬೇಜಾರಾಗಿತ್ತು.

ಅಮ್ಮ ನಂಬಲಿಲ್ಲ. "ಏನೇ ಕಾಳಿ, ಒಂದ್ಬೆರಳು ಮೇಲೇ ಇದಾನೆ ಅಂದ್ಯಲ್ಲೇ?"

ಈಗ ಹೇಳುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಒಂದೇಟು, ಇನ್ನೊಂದು ಅಳತೆ, ಮುಗಿಯಿತು.

"ನಾನೇ ತಪ್ಪು ಅಳೆದಿರಬೇಕಮ್ಮ" ಅಂದಳು ಅಕ್ಕ.

ದಾರವನ್ನು ಬೆರಳಿಗೆ ಸುತ್ತುತ್ತ ಒಳಗೆ ಹೋದಳು. ಅಷ್ಟೇ. ಅಳಲಿಲ್ಲ. ಮಧ್ಯಾಹ್ನ ನನ್ನ ಜೊತೆ ಚೌಕಾಬಾರ ಆಡಿದಳು, ಎರಡಾಟ ಸೋತಳು ಕೂಡ. ನಾನು ಆವತ್ತು ಮುದ್ದೆ ಎರಡು ತಿಂದೆನಂತೆ. ಬದುಕಿದೆ ಎನ್ನುವ ಹಸಿವು ಅದು. ಕೆಳಕ್ಕೆ ಸರಿದ ಆ ಅರ್ಧ ಬೆರಳನ್ನು ಏಳರಿಂದ ಗುಣಿಸಿದರೆ ಮೂರೂವರೆ ಬೆರಳಾಗುತ್ತದೆ ಎನ್ನುವ ಲೆಕ್ಕ ನನಗೆ ತಿಳಿದದ್ದು ಶಾಲೆಗೆ ಹೋದ ಮೇಲೆ. ಅಕ್ಕನಿಗೆ ಆ ಲೆಕ್ಕವನ್ನು ಕಲಿಸುವವರು ಯಾರೂ ಇರಲಿಲ್ಲ.

ಮರುವರ್ಷ ಅಪ್ಪ ಮಾತು ಉಳಿಸಿಕೊಂಡ. ಹೆಗಲ ಮೇಲೆ ಕೂರಿಸಿಕೊಂಡೇ ಶಾಲೆಗೆ ಬಿಟ್ಟ. ಅಷ್ಟು ಹೊತ್ತಿಗೆ ತಮ್ಮ ಹುಟ್ಟಿ ಅಕ್ಕನ ಸೊಂಟಕ್ಕೆ ಬಂದಿದ್ದ. ನಮ್ಮ ಬೀದಿಯ ಇನ್ನಿಬ್ಬರು ಹುಡುಗರೂ ಶಾಲೆಗೆ ಸೇರಿದ್ದರಿಂದ ಏರಿಯ ಮೇಲೆ ನನಗೆ ಜೊತೆ ಸಿಕ್ಕಿತು. ಅಕ್ಕ ಬೇಕಾಗಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಜಗಳವೂ ಆಗಲಿಲ್ಲ, ಅವಳ ಮಾತೇ ಬರಲಿಲ್ಲ. ಬಳಪದ ಚೀಲವನ್ನು ಅವಳೇ ನನ್ನ ಕೊರಳಿಗೆ ಹಾಕಿದಳು. ಆ ಇಡೀ ವರ್ಷ ನಾನು ಬರೆದದ್ದು ಅವಳು ಉಜ್ಜಿ ಮೊನೆ ತೆಗೆದಿಟ್ಟ ಕಡ್ಡಿಗಳಲ್ಲಿ. ಕೋತಿಗಳು ಒಂದು ದಿನ ಬುತ್ತಿ ಕಿತ್ತುಕೊಂಡವು, ನನ್ನದಲ್ಲ. ಮೇಷ್ಟ್ರು ಹೊಡೆದರು, ನನ್ನನ್ನಲ್ಲ. ಎತ್ತಬೇಕಾದ್ದು ಕಿರುಬೆರಳು ಎಂದು ಮೊದಲ ದಿನವೇ ಗೊತ್ತಾಯಿತು.

ಅಕ್ಕನನ್ನು ಯಲ್ದೂರಿಗೆ ಕೊಟ್ಟರು. ಅವಳು ತನ್ನ ಮಗಳಿಗೆ ಐದು ತುಂಬುವುದಕ್ಕೆ ಮೊದಲೇ, ಯಾರನ್ನೂ ಕೇಳದೆ, ಯಾವ ದಾರವೂ ಹಿಡಿಯದೆ, ಶಾಲೆಗೆ ಎಳೆದುಕೊಂಡು ಹೋಗಿ ಕೂರಿಸಿದಳಂತೆ. ನಾನು ಓದಿ ಕೋಲಾರದಲ್ಲಿ ಗುಮಾಸ್ತನಾದೆ. ಆವತ್ತಿನ ವಿಷಯ ಅವಳಿಗೆ ಹೇಳಬೇಕೆಂದು ಎಷ್ಟು ಸಲ ಬಾಯಿಯವರೆಗೆ ಬಂದಿದೆ. ಅವಳಿಗೆ ಗೊತ್ತಿಲ್ಲದಿದ್ದರೆ ಸುಮ್ಮನೆ ಯಾಕೆ ನೋಯಿಸುವುದು ಎಂದು ಒಂದು ಚಿಂತೆ. ಗೊತ್ತಿದ್ದರೆ ಏನು ಮುಖ ಇಟ್ಟುಕೊಂಡು ಹೇಳುವುದು ಎಂದು ಇನ್ನೊಂದು. ಎರಡರ ನಡುವೆ ನಲವತ್ತು ವರ್ಷ ಆರಾಮಾಗಿ ಕಳೆದವು.

ಹೋದ ತಿಂಗಳು ಅಕ್ಕ ನಮ್ಮ ಮನೆಗೆ ಬಂದಿದ್ದಳು. ಮುಳಬಾಗಿಲಿನಲ್ಲಿರುವ ಮಗಳ ಕಾಗದ ತಾನು ಇಲ್ಲಿಗೆ ಹೊರಡುವ ದಿನವೇ ಬಂತಂತೆ. ಊರಿನಲ್ಲಿದ್ದರೆ ಟಪಾಲಿನವನೇ ಓದಿ ಹೇಳುತ್ತಾನೆ. ಇದನ್ನು ಮಡಿಸಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. "ಓದು ನೋಡೋಣ" ಎಂದು ಎದುರಿಗೆ ಕೂತಳು. ಓದಿದೆ. ಎಲ್ಲರೂ ಕ್ಷೇಮ. ಪಾಪುವನ್ನು ಈ ವರ್ಷವೇ ಶಿಶುವಿಹಾರಕ್ಕೆ ಸೇರಿಸೋಣ ಅಂತ ನಾನು, ಇನ್ನೊಂದು ವರ್ಷ ಹೋಗಲಿ ಅಂತ ಇವರು, ದಿನಾ ಇದೇ ಮಾತು. ನೀನೇನು ಹೇಳುತ್ತೀಯ ಅಮ್ಮ? ಅದರ ಮುಂದಿನ ಸಾಲು ಹೀಗಿತ್ತು: ಕೋಲಾರದ ಮಾವನನ್ನು ಮಾತ್ರ ಕೇಳಬೇಡ, ಅವರು ಹೆದರಿಕೊಂಡು ಒಂದು ವರ್ಷ ತಡೀರಿ ಅಂತಲೇ ಹೇಳುತ್ತಾರೆ.

ನಾನು ಆ ಸಾಲನ್ನು ಹಾರಿಸಿ, "ಇಂತಿ ನಿನ್ನ ಮಗಳು" ಅಂದೆ.

ಅಕ್ಕ ಕಾಗದ ನೋಡಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ಕಣ್ಣನ್ನಲ್ಲ, ಅದರ ಕೆಳಗೆ. ಆಮೇಲೆ ಕೈ ಚಾಚಿ, ಎರಡು ಬೆರಳಿನಿಂದ ನನ್ನ ಗದ್ದವನ್ನು ಮೇಲಕ್ಕೆ ಒತ್ತಿದಳು.

"ಹಲ್ಲು ಕಚ್ಕೊಂಡು ಸರಿಯಾಗಿ ಓದೋ" ಅಂದಳು.

ಒಳಗೆ ನನ್ನ ಹೆಂಡತಿ ಸಾಸಿವೆ ಸಿಡಿಸುತ್ತಿದ್ದಳು. ನಾನು ಕಾಗದ ಕೆಳಗಿಟ್ಟೆ. "ಅಕ್ಕ, ಆವತ್ತು..." ಅಂದೆ. "ಆವತ್ತಿಂದು ಆವತ್ತಿಗೆ. ನಿನ್ನ ಗದ್ದ ಗಡಗಡ ಅಂತಿತ್ತು, ಪಾಪ ಅನ್ನಿಸ್ತು. ಇನ್ನೊಂದ್ವರ್ಷ ಇದೆಯಲ್ಲ ಅಂದ್ಕೊಂಡೆ" ಎಂದಳು. "ಇವಳು ಏನ್ ಬರ್ದಿದಾಳೆ, ಅದನ್ನ ಓದು."

ಓದಿದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನೀನು ಹೇಳ್ಕೊಡದೇನೇ ಸರಿಯಾಗಿ ಬರ್ದಿದಾಳೆ ಬಿಡು" ಅಂದಳು. ಆಗಲೇ ಒಂದು ಕಾರ್ಡು ತರಿಸಿ, ನಾಳೆಯೇ ಸೇರಿಸು ಎಂದು ನನ್ನ ಕೈಯಿಂದ ಬರೆಸಿದಳು. ಮೇಲಿನ ಜಾಗ ಮಾತ್ರ ಖಾಲಿ ಬಿಡಿಸಿದ್ದಳು. ಪೆನ್ನು ತೆಗೆದುಕೊಂಡು, ನಾಲಗೆ ಕಚ್ಚಿಕೊಂಡು, ಅಲ್ಲಿ ತಾನೇ ಶ್ರೀ ಬಿಡಿಸಿದಳು. ಬಾಲದಿಂದ ಶುರುಮಾಡಿ.

ಈಗ ಅಪ್ಪ ಇಲ್ಲ, ಅಮ್ಮ ಇಲ್ಲ. ಆ ಚಪ್ಪಡಿ ಆಂಜನೇಯನಾಗಿ ಯಾವ ಊರಿಗೆ ಹೋಯಿತೋ ತಿಳಿಯದು. ಏಳು ಕೆಂಪು ಗೆರೆಗಳೂ ಉಳಿಯ ಕೆಳಗೆ ಪುಡಿಯಾಗಿ ನಮ್ಮ ಹುರುಳಿ ಸಾರಿಗೇ ಬಿದ್ದಿರಬೇಕು. ನಮ್ಮ ಬೀದಿಯ ಹೊಸ ಹುಡುಗರು ಮುಖದ ಅಳತೆಯನ್ನು ಉಕ್ಕಿನ ಪಟ್ಟಿಯಲ್ಲಿ ಹಿಡಿಯುತ್ತಾರೆ. ಇಪ್ಪತ್ತನ್ನು ಐದು ಸಲ ಎಣಿಸಿ ನೂರು ಮಾಡುತ್ತಿದ್ದ ಆ ಹುಡುಗಿ ಏನೇನು ಓದುತ್ತಿದ್ದಳೋ, ಏನಾಗುತ್ತಿದ್ದಳೋ, ಯೋಚಿಸುವುದರಲ್ಲಿ ಇಷ್ಟು ಪಳಗಿದ ನನಗೂ ಅದನ್ನು ಕೊನೆಯವರೆಗೆ ಯೋಚಿಸುವ ಧೈರ್ಯ ಬಂದಿಲ್ಲ. ಏರಿ ಇವತ್ತಿಗೂ ಗಟ್ಟಿಯಾಗಿದೆ. ನನ್ನ ಹೆಸರು ನನಗೆ ನೆನಪಿದೆ. ಮನೆಯವರು ನನ್ನನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಅಷ್ಟೊಂದು ಕೆಡಬಹುದಾಗಿದ್ದ ಆ ಬೇಸಿಗೆಯಲ್ಲಿ ನಿಜವಾಗಿ ಕೆಟ್ಟದ್ದು ಒಂದೇ: ಮುಚ್ಚಿದ ತುಟಿಗಳ ಹಿಂದೆ ನನ್ನ ಹಲ್ಲುಗಳು ಅರ್ಧ ಬೆರಳಿನಷ್ಟು ಬೇರೆಯಾದವು.